ಪೆನಿನಾ ಆಂಟಿ ತೋಟ ಖಾಲಿ ಮಾಡಿದ ಶನಿವಾರ

ಪೆನಿನಾ ಆಂಟಿ ಸೇಬು ತಿನ್ನುತ್ತಿರಲಿಲ್ಲ. ಸುತ್ತಲೂ ಸೇಬಿನ ತೋಟಗಳೇ ಇರುವ ಹೇಸ್ಟಿಂಗ್ಸ್‌ನಲ್ಲಿದ್ದುಕೊಂಡು ಸೇಬು ತಿನ್ನದೆ ಇರುವುದು ಅಷ್ಟು ಸುಲಭವಲ್ಲ. ಸುಗ್ಗಿ ಶುರುವಾದರೆ ಅಕ್ಕಪಕ್ಕದವರು ಚೀಲ ತುಂಬಿ ತಂದು ಬಾಗಿಲಲ್ಲಿ ಇಟ್ಟು ಹೋಗುತ್ತಾರೆ. ಚರ್ಚಿನ ಮೆಟ್ಟಿಲ ಮೇಲೆ ಒಂದು ಪೆಟ್ಟಿಗೆ ಸದಾ ಇರುತ್ತದೆ. ಆಂಟಿ ಅವನ್ನೆಲ್ಲ ಹೆಚ್ಚಿ ಮೊಮ್ಮಕ್ಕಳ ಊಟದ ಡಬ್ಬಿಗೆ ಹಾಕುತ್ತಿದ್ದರು, ಬೇಯಿಸಿ ಪಾದ್ರಿಗಳ ಮನೆಗೆ ಕಳಿಸುತ್ತಿದ್ದರು. ತಾವು ಮಾತ್ರ ಒಂದು ಹೋಳನ್ನೂ ಬಾಯಿಗಿಡುತ್ತಿರಲಿಲ್ಲ. ಯಾಕೆಂದು ಕೇಳಿದರೆ, "ಮೂವತ್ತು ವರ್ಷ ಅದರ ಮುಖ ನೋಡಿದೀನಿ, ಸಾಕು" ಅನ್ನುತ್ತಿದ್ದರು.

ಅವರ ಮನೆಯಿಂದ ಎರಡು ಮನೆ ಆಚೆ ನಮ್ಮದು. ಚರ್ಚಿನ ವ್ಯಾನ್ ಓಡಿಸುವವನು ನಾನು. ಭಾನುವಾರ ಮುದುಕ ಮುದುಕಿಯರನ್ನು ಮನೆಮನೆಯಿಂದ ಹತ್ತಿಸಿಕೊಂಡು ಹೋಗುವುದು, ಹೆಂಗಸರ ಸಂಘದವರನ್ನು ಹೇಳಿದ ಕಡೆ ಇಳಿಸುವುದು ನನ್ನ ಪಾಲಿನ ಸೇವೆ. ಹಾಗಾಗಿ ಈಗ ಹೇಳುವುದರಲ್ಲಿ ಹೆಚ್ಚಿನದನ್ನು ಕಣ್ಣಾರೆ ಕಂಡಿದ್ದೇನೆ. ಉಳಿದದ್ದನ್ನು ಆಂಟಿಯ ಮಗಳು ಲೋಸಾ ಹೇಳಿದ್ದಾಳೆ.

ಆಂಟಿ ಸಮೋವಾದ ಸವಾಯಿ ದ್ವೀಪದವರು. ಮದುವೆಯಾದ ವರ್ಷವೇ ಗಂಡ ಫೆಲೆಟಿಯ ಜೊತೆ ಇಲ್ಲಿಗೆ ಬಂದರು. ಫೆಲೆಟಿಗೆ ಮಾಂಸದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು, ಆಂಟಿಗೆ ಸೇಬಿನ ತೋಟದಲ್ಲಿ. ಹುಟ್ಟಿದಾಗಿನಿಂದ ಚಪ್ಪಲಿಯನ್ನೇ ಕಾಣದ ಕಾಲಿಗೆ ರಬ್ಬರ್ ಬೂಟು ಬಂತು. ಎದೆಗೆ ಕ್ಯಾನ್ವಾಸ್ ಚೀಲ ಕಟ್ಟಿಕೊಂಡು ಏಣಿ ಹತ್ತಬೇಕು. ಹಣ್ಣನ್ನು ಎಳೆಯದೆ, ಅಂಗೈಯಲ್ಲಿ ಮೇಲಕ್ಕೆತ್ತಿ ತೊಟ್ಟಿನ ಸಮೇತ ಬಿಡಿಸಬೇಕು. ಚೀಲ ತುಂಬಿದಾಗ ಇಳಿದು, ದೊಡ್ಡ ಮರದ ತೊಟ್ಟಿಯ ಮೇಲೆ ಬಗ್ಗಿ, ಚೀಲದ ತಳ ಬಿಚ್ಚಿ, ಮೊಟ್ಟೆ ಇಳಿಸಿದಂತೆ ಇಳಿಸಬೇಕು. ಹಣ್ಣಿಗೆ ಪೆಟ್ಟಾದರೆ ಮೇಸ್ತ್ರಿಯ ಬಾಯಿಗೆ ಬೀಳಬೇಕಾಗುತ್ತದೆ. ಬೆಳಗಿನ ಮಂಜು ಎಲೆಯಿಂದ ಅಂಗಿಯ ತೋಳಿನೊಳಕ್ಕೆ ಇಳಿದು ಕಂಕುಳವರೆಗೆ ತಣ್ಣಗೆ ಹರಿಯುತ್ತದೆ. ಈ ಊರಿನ ನಮ್ಮ ಹೆಂಗಸರಲ್ಲಿ ಅರ್ಧಕ್ಕರ್ಧ ಜನ ಹೀಗೇ ಬದುಕು ಕಟ್ಟಿಕೊಂಡವರು. ಆ ಗುಂಪಿನಲ್ಲಿ ಪೆನಿನಾ ಆಂಟಿಯಷ್ಟು ಬೇಗ ತೊಟ್ಟಿ ತುಂಬುವವರು ಇನ್ನೊಬ್ಬರೇ ಇದ್ದದ್ದು, ಅವರ ಗೆಳತಿ ವಲಾಸಿ. ಇಬ್ಬರಲ್ಲಿ ಯಾರು ಮೇಲು ಎಂಬ ಜಗಳ ಅಂದೂ ತೀರಲಿಲ್ಲ, ಇಂದೂ ತೀರಿಲ್ಲ.

ಮೂವರು ಮಕ್ಕಳಾದರು. ಸುಗ್ಗಿಯ ನಡುವೆಯೇ ಈಸ್ಟರ್ ರಜೆ ಬರುತ್ತಿದ್ದರಿಂದ ಮಕ್ಕಳನ್ನು ನೋಡಿಕೊಳ್ಳುವವರು ಯಾರೂ ಇರುತ್ತಿರಲಿಲ್ಲ. ಬೆಳಗಿನ ಕತ್ತಲಲ್ಲೇ ಮಕ್ಕಳನ್ನು ಕಂಬಳಿ ಸಮೇತ ಎತ್ತಿ ಮನೆಯ ಬಿಳಿ ವ್ಯಾನಿಗೆ ಹಾಕಿ, ವ್ಯಾನನ್ನು ತೋಟದ ಅಂಚಿನಲ್ಲಿ ನಿಲ್ಲಿಸಿ ಕೆಲಸಕ್ಕೆ ಇಳಿಯುತ್ತಿದ್ದರು. ಆ ವಿಷಯ ಆಂಟಿ ಯಾರ ಮುಂದೆಯೂ ಎತ್ತುತ್ತಿರಲಿಲ್ಲ. ಕೊನೆಗೊಮ್ಮೆ ಏಣಿಯಿಂದ ಬಿದ್ದು ಬಲ ಭುಜ ಕೆಡಿಸಿಕೊಂಡರು. ಹಣ್ಣು ತುಂಬುವ ಶೆಡ್ಡಿನಲ್ಲಿ ಕೆಲವು ವರ್ಷ ನಿಂತು ಕೆಲಸ ಮಾಡಿ, ಸಾಕೆಂದು ಮನೆಯಲ್ಲಿ ಕೂತರು. ಆಮೇಲೆ ಯಾವ ತೋಟದ ಕಡೆಗೂ ತಲೆ ಹಾಕಲಿಲ್ಲ.

ಹೀಗಿರುವಾಗ ಒಂದು ಮಾರ್ಚ್ ತಿಂಗಳಲ್ಲಿ ಲೋಸಾ ಬಂದು, "ಅಮ್ಮಾ, ಶನಿವಾರ ನಾವೆಲ್ಲ ಸೇಬಿನ ತೋಟಕ್ಕೆ ಹೋಗ್ತಿದೀವಿ. ನೀನೂ ಅಪ್ಪನೂ ಬನ್ನಿ" ಅಂದಳು.

"ಯಾಕೆ? ಯಾರ ಕೆಲಸ ಹೋಯ್ತು?"

"ಕೆಲಸಕ್ಕಲ್ಲಮ್ಮ, ಸುಮ್ನೆ. ಮಕ್ಕಳು ಹಣ್ಣು ಕಿತ್ಕೊಂಡು ಆಡ್ಕೊಳ್ಳಿ ಅಂತ. ಬಕೆಟ್‌ಗೆ ಇಷ್ಟು ಅಂತ ಕೊಟ್ಬಿಟ್ರೆ ನಾವೇ ಕಿತ್ಕೋಬಹುದು."

"ಕೀಳೋರು ನಾವೇ, ದುಡ್ಡು ಕೊಡೋರೂ ನಾವೇನಾ?"

"ಹೂಂ."

"ಲೋಸಾ, ನಿನ್ನ ತಲೆಗೆ ಎಲ್ಲಾದ್ರೂ ಏಟು ಬಿದ್ದಿದ್ಯಾ?"

ಟಿವಿಯ ಮುಂದೆ ಕಾಲು ಚಾಚಿ ಕೂತಿದ್ದ ಫೆಲೆಟಿ ಅಲ್ಲಿಂದಲೇ ನಕ್ಕರು. "ಹೋಗೋಣ ಬಾರೇ. ನಿನ್ನ ಕೈಲಿ ಹಣ್ಣು ಕೀಳಿಸಿ ನಿನ್ ಹತ್ರಾನೇ ದುಡ್ಡು ಇಸ್ಕೊಳ್ಳೋ ಪುಣ್ಯಾತ್ಮರು ಯಾರು ಅಂತ ನಾನೂ ನೋಡ್ಬೇಕು."

ಆ ಪುಣ್ಯಾತ್ಮಳ ಹೆಸರು ಬ್ರೈಡಿ. ಮೂವತ್ತು ದಾಟಿದ ಹೆಂಗಸು. ಚಿಕ್ಕಪ್ಪನ ತೋಟ ಅವಳ ಕೈಗೆ ಬಂದಿತ್ತು. ದೊಡ್ಡ ವ್ಯಾಪಾರಕ್ಕೆ ಸಾಲದಷ್ಟು ಸಣ್ಣ ತೋಟ. ಅವಳು ಏಣಿ ಬೇಕಾದ ಹಳೇ ಮರಗಳನ್ನು ಹಿಂದೆ ಬಿಟ್ಟು, ಮುಂದಿನ ಕೆಲವು ಸಾಲುಗಳ ಗಿಡ್ಡ ಮರಗಳನ್ನು ಮನೆಮಂದಿ ಬಂದು ಕೀಳಲೆಂದೇ ಇಟ್ಟಿದ್ದಳು. ಟ್ರ್ಯಾಕ್ಟರಿನ ಹಿಂದೆ ಹುಲ್ಲಿನ ಪಿಂಡಿ ಹಾಕಿದ ಗಾಡಿ, ಎರಡು ಮೇಕೆ, ಹಣ್ಣನ್ನು ಕಣ್ಣೆದುರೇ ಮೆಷೀನಿನಲ್ಲಿ ಐಸ್‌ಕ್ರೀಮಿನ ಜೊತೆ ಅರೆದು ಕೊಡುವ ಡಬ್ಬಿ ಅಂಗಡಿ, ಇಷ್ಟು ಅವಳ ಆಸ್ತಿ. ವಾರಾಂತ್ಯವೆಂದರೆ ನೇಪಿಯರ್ ಪಟ್ಟಣದಿಂದಲೂ ಕಾರು ಬರುತ್ತಿದ್ದವು.

ಆ ಶನಿವಾರ ಬ್ರೈಡಿ ಬಂದವರಿಗೆಲ್ಲ ಹೇಳಿಕೊಡುವಂತೆ ಆಂಟಿಗೂ ಹಣ್ಣು ಬಿಡಿಸುವುದು ಹೇಗೆಂದು ಹೇಳಿಕೊಟ್ಟಳು. ಆಂಟಿ ಗಂಭೀರವಾಗಿ ಕೇಳಿಸಿಕೊಂಡು ಥ್ಯಾಂಕ್ಸ್ ಅಂದರು. ಫೆಲೆಟಿ ಆ ಕಡೆ ತಿರುಗಿ ನಿಂತು ಕೆಮ್ಮಿದರು. ಆಮೇಲೆ ಲೋಸಾಳ ಆರು ವರ್ಷದ ಮಗಳು ಸೀನಾ ಬಕೆಟ್ ಹಿಡಿದು ಮರದ ಬುಡಕ್ಕೆ ಹೋಗಿ, ಒಂದು ಹಣ್ಣನ್ನು ಎರಡು ಕೈಯಲ್ಲಿ ಹಿಡಿದು ಕೊಂಬೆಯ ಜೊತೆ ಜಗ್ಗಾಡುತ್ತಿದ್ದಳು. "ಹಾಗಲ್ಲ ಪುಟ್ಟಾ, ಹೀಗೆ" ಎಂದು ಆಂಟಿ ಕೈ ಹಾಕಿದರು. ಅಷ್ಟೇ. ಒಂದು ಕೈಗೆ ಇನ್ನೊಂದು ಕೈ ಜೊತೆಯಾಯಿತು. ಕೆಟ್ಟ ಭುಜ ಏಳುವಷ್ಟು ಎತ್ತರದಲ್ಲೇ ಎಲ್ಲ ಹಣ್ಣೂ ಇದ್ದವು. ಮನೆಯವರ ಪಾಲಿನ ನಾಲ್ಕೂ ಬಕೆಟ್ಟು ನೋಡನೋಡುತ್ತಲೇ ತುಂಬಿಹೋದವು. ಸೀನಾ ತನ್ನ ಖಾಲಿ ಕೈ ನೋಡಿಕೊಂಡು ಅಳತೊಡಗಿದಳು.

ಲೋಸಾಳ ಗಂಡ ಡೀನ್ ಓಡಿ ಬಂದ. "ಪೆನಿನಾ, ಸ್ವಲ್ಪ ನಿಧಾನ! ಆಟ ಆಡೋಕೆ ಬಂದಿರೋದು ನಾವು."

"ನಾನೇನು ಮಾಡ್ಲಪ್ಪ, ಕೈ ಕೇಳಲ್ಲ ಅನ್ನತ್ತೆ."

ಲೋಸಾ ತಾಯಿಯ ತೋಳು ಹಿಡಿದು ಹುಲ್ಲಿನ ಮೇಲೆ ಕೂರಿಸಿದಳು. ಅರ್ಧದಷ್ಟು ಹಣ್ಣನ್ನು ಬೇರೆ ಮನೆಯವರ ಬಕೆಟ್ಟಿಗೆ ಸುರಿದು, ಸೀನಾಳನ್ನು ಅವಳ ಅಪ್ಪನ ಜೊತೆ ಮತ್ತೆ ಕೀಳಲು ಕಳಿಸಿದಳು. ಮರದ ಕೆಳಗೆ, ಕಾಂಡಕ್ಕೆ ಬೆನ್ನು ಕೊಟ್ಟು, ಕೈಯಲ್ಲಿ ಏನೂ ಇಲ್ಲದೆ ಆಂಟಿ ಕೂತದ್ದು ಅದೇ ಮೊದಲಂತೆ. ಮೇಸ್ತ್ರಿ ಬಂದಾನೇನೋ ಎಂಬಂತೆ ಸಾಲಿನ ಆಚೆ ಎರಡು ಸಲ ನೋಡಿದರಂತೆ.

"ಅಮ್ಮಾ, ನಮ್ಮ ಬಿಳಿ ವ್ಯಾನ್ ನೆನಪಿದ್ಯಾ?" ಅಂದಳು ಲೋಸಾ.

ಆಂಟಿಯ ಮುಖ ಇಳಿಯಿತು. "ನೆನಪಿಲ್ದೆ ಏನು? ಬೇರೆಯವರ ಮಕ್ಕಳು ರಜೆಗೆ ಸಮುದ್ರಕ್ಕೆ ಹೋಗೋರು. ನಾನು ನಿಮ್ಮನ್ನ ಅದರೊಳಗೆ ಕೂಡಿಹಾಕಿ ಬರ್ತಿದ್ದೆ."

"ಕೂಡಿಹಾಕೋದಾ? ನೀನು ಆ ಕಡೆ ಹೋದ್ರೆ ಸಾಕು, ನಾವು ಈ ಕಡೆ ಇಳೀತಿದ್ವಿ! ವಲಾಸಿ ಆಂಟಿ ಮಕ್ಕಳು, ನಾವು, ನಿಮ್ಮ ಜೊತೆ ಕೀಳ್ತಿದ್ದ ಮಾವೊರಿ ಜನರ ಹುಡುಗೀರು, ಎಲ್ಲಾ ಸೇರಿ ಖಾಲಿ ತೊಟ್ಟಿ ಮಗುಚಿ ಹಾಕಿ ಅದರೊಳಗೆ ಮನೆ ಮಾಡ್ತಿದ್ವಿ. ಹಳ್ಳದಲ್ಲಿ ಈಲ್ ಮೀನು ಹಿಡೀತಿದ್ವಿ. ನನ್ನ ಮಕ್ಕಳಿಗೆ ಅಂಥದ್ದು ಒಂದು ದಿನಾನಾದ್ರೂ ಸಿಗ್ಲಿ ಅಂತಾನೇ ಇಲ್ಲಿಗೆ ಕರ್ಕೊಂಡ್ ಬಂದಿದ್ದು ನಾನು. ನೀನು ಏನಂದ್ಕೊಂಡೆ?"

ಇಷ್ಟು ವರ್ಷ ಒಳಗೆ ಹೊತ್ತು ತಿರುಗಿದ್ದ ಭಾರವನ್ನು ಮಗಳು ಹೀಗೆ ಒಂದು ಮಾತಿನಲ್ಲಿ ಇಳಿಸಿಬಿಟ್ಟಿದ್ದಳು. ಆಂಟಿ ಕೇಳಿದರು:

"ಹಳ್ಳಕ್ಕೆ ಇಳಿದಿದ್ರಾ? ಆ ತಣ್ಣೀರಿಗಾ?"

"ಹೂಂ."

"ಮೈ ಎಲ್ಲಿ ಒರೆಸ್ಕೊಂಡ್ರಿ?"

"ನಿನ್ನ ಕಂಬಳೀಲಿ."

"ಅದಕ್ಕೇ! ಅದಕ್ಕೇ ಆ ಕಂಬಳಿ ಯಾವಾಗ್ಲೂ ಮೀನು ನಾರ್ತಿತ್ತು!" ಎಂದು ಆಂಟಿ ನಲವತ್ತರ ಹತ್ತಿರ ಬಂದ ಮಗಳ ತೋಳಿಗೆ ಛಟೀರೆಂದು ಒಂದು ಬಿಟ್ಟರು. ಆಮೇಲೆ ಬಕೆಟ್ಟಿನಿಂದ ಒಂದು ಹಣ್ಣು ತೆಗೆದು, ಸೆರಗಿಲ್ಲದ ಉಡುಪಾದ್ದರಿಂದ ಮೊಣಕಾಲಿಗೇ ಒರೆಸಿ, ಕಚ್ಚಿದರು. ಬಿಸಿಲಿಗೆ ಬೆಚ್ಚಗಾಗಿದ್ದ ಹಣ್ಣು. ಪೂರ್ತಿ ತಿಂದರು.

ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಹೆಂಗಸರ ಸಂಘದಲ್ಲಿ ಅವರ ಬಾಯಲ್ಲಿ ಅದೇ ಮಾತು. ತೋಟದಲ್ಲಿ ಕೂರುವುದು, ಊಟ ಕಟ್ಟಿಕೊಂಡು ಹೋಗುವುದು, ಮೇಕೆ, ಐಸ್‌ಕ್ರೀಮು.

ವಲಾಸಿ ಆಂಟಿ ಮೂಗು ಮುರಿದರು. "ನಿಂಗೇನು ತಲೆ ಕೆಟ್ಟಿದ್ಯೇನೇ? ಸತ್ರೂ ಏಣಿ ಮುಟ್ಟಲ್ಲ ಅಂತ ಪ್ರಾರ್ಥನೆ ಮಾಡ್ಕೊಂಡಿದೀನಿ ನಾನು."

"ಅಲ್ಲಿ ಏಣಿ ಇಲ್ಲ."

"ಮೇಸ್ತ್ರಿ?"

"ಮೇಸ್ತ್ರೀನೂ ಇಲ್ಲ. ಒಬ್ಬಳು ಹುಡುಗಿ ಇದಾಳೆ, ಬಂದೋರಿಗೆಲ್ಲ ಥ್ಯಾಂಕ್ಸ್ ಅಂತಾಳೆ."

"ಹಣ್ಣು ಕಿತ್ತೋರಿಗೆ ಥ್ಯಾಂಕ್ಸಾ?" ವಲಾಸಿ ಆಂಟಿ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. "ಹಂಗಾದ್ರೆ ಆ ಥ್ಯಾಂಕ್ಸ್ ಕೇಳ್ಕೊಂಡ್ ಬರೋಣ, ನಡೀರೇ."

ಅದು ಆ ವರ್ಷ ಆಗಲಿಲ್ಲ. ಮರುವರ್ಷದ ಈಸ್ಟರ್ ಶನಿವಾರಕ್ಕೆ ಗೊತ್ತಾಯಿತು. ಶುಕ್ರವಾರ ದಿನವಿಡೀ ಚರ್ಚು, ಭಾನುವಾರ ಮತ್ತೆ ಚರ್ಚು. ಶನಿವಾರ ಮಾತ್ರ ಖಾಲಿ. ಹದಿನೆಂಟು ಜನ ಹೆಸರು ಕೊಟ್ಟರು. ಎಲ್ಲರೂ ಅರವತ್ತು ದಾಟಿದವರು. ಗಂಡಸರೆಂದರೆ ನಾನು ಮತ್ತು ಫೆಲೆಟಿ. ವ್ಯಾನು ಸಾಲದೆ ಸಣ್ಣ ಬಸ್ ಬಾಡಿಗೆಗೆ ತಂದೆ. ತೆಂಗಿನ ಹಾಲಿನಲ್ಲಿ ಬೇಯಿಸಿದ ಕೆಸುವಿನ ಗೆಡ್ಡೆ, ಸೇಮಿಗೆಯ ಚಾಪ್ಸೂಯಿ, ಹುರಿದ ಕೋಳಿ, ಎಣ್ಣೆಯಲ್ಲಿ ಕರಿದ ಸಿಹಿ ಉಂಡೆ, ಎಲ್ಲ ಸೇರಿ ಜನರಿಗಿಂತ ಪಾತ್ರೆಗಳೇ ಹೆಚ್ಚು ಜಾಗ ಹಿಡಿದವು. ಎಲ್ಲರೂ ಒಳ್ಳೇ ಹೂವಿನ ಉಡುಪು ಹಾಕಿ, ಕಿವಿಗೆ ಹೂ ಸಿಕ್ಕಿಸಿಕೊಂಡಿದ್ದರು. ತೋಟಕ್ಕೆ ಅಷ್ಟು ಸಿಂಗಾರ ಮಾಡಿಕೊಂಡು ಹೋಗುತ್ತಿದ್ದುದು ಅವರ ಜೀವಮಾನದಲ್ಲಿ ಅದೇ ಮೊದಲು. ದಾರಿಯುದ್ದಕ್ಕೂ ಹಾಡು.

ಬ್ರೈಡಿ ಗೇಟಿನಲ್ಲೇ ಕಾದಿದ್ದಳು. ಬೆಳಿಗ್ಗೆಯ ಹೊತ್ತನ್ನು ಚರ್ಚಿನವರಿಗೆಂದೇ ಬಿಟ್ಟಿದ್ದಳು, ಬೇರೆ ಯಾರಿಗೂ ಪ್ರವೇಶವಿರಲಿಲ್ಲ. ಬಕೆಟ್ಟುಗಳ ರಾಶಿ ತೋರಿಸಿ, "ಎಲ್ಲಿ ಬೇಕಾದ್ರೂ ಓಡಾಡಿ, ಎಷ್ಟು ಬೇಕಾದ್ರೂ ಕಿತ್ಕೊಳ್ಳಿ. ಐಸ್‌ಕ್ರೀಮ್ ಮೆಷೀನು ಕೆಟ್ಟಿದೆ, ಪಟ್ಟಣಕ್ಕೆ ಹೋಗಿ ರಿಪೇರಿ ಮಾಡಿಸ್ಕೊಂಡು ಬರ್ತೀನಿ. ಸೋಮವಾರ ರಜಾ, ಜನ ತುಂಬಾ ಬರ್ತಾರೆ" ಎಂದಳು. ಈ ಅಜ್ಜಿಯರು ತಲೆಗೊಂದು ಬಕೆಟ್ ಕಿತ್ತು ಊಟಕ್ಕೆ ಕೂರುತ್ತಾರೆಂದು ಅವಳು ಎಣಿಸಿದ್ದರೆ ಅದರಲ್ಲಿ ತಪ್ಪೇನಿಲ್ಲ. ನಾನೂ ಹಾಗೇ ಎಣಿಸಿದ್ದೆ.

ಮೊದಲರ್ಧ ಗಂಟೆ ಎಲ್ಲ ಸರಿಯಿತ್ತು. ಮೇಕೆಗಳನ್ನು ನೋಡಿದರು. ಫೋಟೋ ತೆಗೆಸಿಕೊಂಡರು. ಬಕೆಟ್ ಹಿಡಿದು ಸಾಲಿನೊಳಗೆ ನಿಧಾನವಾಗಿ ನಡೆದರು. ಆಗ ವಲಾಸಿ ಆಂಟಿ ಸೊಂಟದ ಮೇಲೆ ಕೈಯಿಟ್ಟು ಮರವನ್ನು ಬುಡದಿಂದ ತುದಿಯವರೆಗೆ ನೋಡಿ, "ಪೆನಿನಾ, ಇಂಥ ಗಿಡ್ಡ ಮರ ಆಗ ಇದ್ದಿದ್ರೆ ನೀನೂ ನನ್ನಷ್ಟು ತೊಟ್ಟಿ ತುಂಬಿಸ್ತಿದ್ಯೇನೋ" ಅಂದರು.

"ನಿನ್ನಷ್ಟಾ? ನನ್ನ ಅರ್ಧ ತುಂಬಿಸಿದ್ರೆ ನೀನು ಅವತ್ತು ಹಬ್ಬ ಮಾಡ್ತಿದ್ದೆ!"

"ನಿನ್ನ ತೊಟ್ಟೀಲಿ ಎಲೇನೇ ಇರ್ತಿತ್ತು ಅರ್ಧ."

"ಎಲೆ? ಎಲೆ ಅಂದ್ಯಾ? ಹಿಡ್ಕೋ ಬಕೆಟ್ಟು."

ಇಬ್ಬರೂ ಒಂದೊಂದು ಸಾಲು ಹಿಡಿದರು. ಉಳಿದವರು ಮೊದಲು ಚಪ್ಪಾಳೆ ತಟ್ಟುತ್ತ ನಿಂತರು. ಆಮೇಲೆ ಎರಡು ಪಕ್ಷವಾದರು. ಪಕ್ಷವಾದ ಮೇಲೆ ಸುಮ್ಮನೆ ನಿಲ್ಲಲು ಯಾರಿಂದಲೂ ಆಗಲಿಲ್ಲ. ಕಿವಿಯ ಹೂ ತೆಗೆದು ಬೇಲಿಗೆ ಸಿಕ್ಕಿಸಿದರು, ಉಡುಪಿನ ಅಂಚು ಎತ್ತಿ ಸೊಂಟಕ್ಕೆ ಸಿಕ್ಕಿಸಿದರು. ಮೊಣಕಾಲು ನೋವೆಂದು ಬಸ್ಸಿನ ಮೆಟ್ಟಿಲು ಹತ್ತಲು ನನ್ನ ಕೈ ಹಿಡಿದವರು ಈಗ ಮರದಿಂದ ಮರಕ್ಕೆ ಹಾರುತ್ತಿದ್ದರು. ಹಾಡು ಕೂಡ ಬದಲಾಯಿತು, ದೇವರ ಹಾಡು ಹೋಗಿ ದೋಣಿ ಹುಟ್ಟು ಹಾಕುವ ಹಾಡು ಬಂತು. ಬಕೆಟ್ಟುಗಳು ಮುಗಿದವು. ಯಾರೋ ಶೆಡ್ಡಿನ ಹಿಂದೆ ಬ್ರೈಡಿಯ ಚಿಕ್ಕಪ್ಪನ ಕಾಲದ ಮರದ ತೊಟ್ಟಿಗಳನ್ನು ಕಂಡರು. "ಡ್ರೈವರ್, ಸುಮ್ನೆ ನಿಂತಿದೀಯಲ್ಲ, ಎತ್ತು!" ಎಂದು ನನಗೂ ಹುಕುಂ ಆಯಿತು. ಎತ್ತಿದೆ.

ಬುದ್ಧಿ ಇದ್ದವರೆಂದರೆ ಫೆಲೆಟಿ ಒಬ್ಬರೇ. ಮಡಿಸುವ ಕುರ್ಚಿಯಲ್ಲಿ ಕೂತು ಅವರು ಆಗಾಗ ಕೂಗುತ್ತಿದ್ದರು. "ಸಾಕು ನಿಲ್ಸ್ರೇ! ಯಾರು ತಿನ್ನೋದು ಇಷ್ಟನ್ನ?"

"ಸುಮ್ನಿರಿ, ಲೆಕ್ಕ ತಪ್ಪತ್ತೆ" ಎಂದು ಆಂಟಿ ಮರದೊಳಗಿನಿಂದಲೇ ಗದರಿದರು.

ಬ್ರೈಡಿ ಊಟದ ಹೊತ್ತಿಗೆ ಹಿಂದಿರುಗಿದಳು. ಜಮಖಾನ ಹಾಸಿ, ಪಾತ್ರೆ ಬಿಚ್ಚಿ, ಎಲ್ಲರೂ ಕೆಂಪು ಮುಖ ಮಾಡಿಕೊಂಡು ನಗುತ್ತ ಕೂತಿದ್ದರು. ಅವಳು ಮೆಷೀನನ್ನು ಎರಡೂ ಕೈಯಲ್ಲಿ ಹೊತ್ತುಕೊಂಡೇ ಸಾಲುಗಳ ಕಡೆ ನೋಡಿದಳು. ಮರದ ಮೇಲೆ ಎಲೆ ಇತ್ತು. ಹಣ್ಣು ಇರಲಿಲ್ಲ. ಒಂದು ಸಾಲಿನಲ್ಲಿಲ್ಲ, ಎರಡರಲ್ಲಿಲ್ಲ, ಕೊನೆಯವರೆಗೂ ಇಲ್ಲ. ಅವಳು ಮೆಷೀನನ್ನು ನೆಲಕ್ಕಿಟ್ಟು, ಮಗುಚಿದ ಬಕೆಟ್ ಮೇಲೆ ಕೂತುಬಿಟ್ಟಳು.

ನಗು ಒಬ್ಬೊಬ್ಬರ ಮುಖದಿಂದ ಇಳಿಯಿತು. ಆಂಟಿ ಎದ್ದು ಹೋದರು.

"ಯಾಕಮ್ಮಾ? ಪೆಟ್ಟಾಗಿಲ್ಲ ನೋಡು, ಒಂದು ಹಣ್ಣಿಗೂ ಪೆಟ್ಟಾಗಿಲ್ಲ. ತೊಟ್ಟೂ ಇದೆ."

"ಗೊತ್ತಾಗತ್ತೆ ಪೆನಿನಾ. ನನ್ನ ಜನ್ಮದಲ್ಲೇ ಇಷ್ಟು ಚೆನ್ನಾಗಿ ಕಿತ್ತಿದ್ದು ನೋಡಿಲ್ಲ" ಅಂದಳು ಬ್ರೈಡಿ. "ಆದ್ರೆ ಸೋಮವಾರ ಬರೋ ಮಕ್ಕಳು ಏನನ್ನ ಕೀಳ್ತಾರೆ? ಹಿಂದಿನ ದೊಡ್ಡ ಮರಕ್ಕೆ ಏಣಿ ಬೇಕು, ಅಲ್ಲಿಗೆ ಮಕ್ಕಳನ್ನ ಬಿಡೋ ಹಾಗಿಲ್ಲ. ಈ ವರ್ಷದ ಕೊನೇ ದೊಡ್ಡ ದಿನ ಅದೇ."

ಅಲ್ಲಿದ್ದ ಯಾರಿಗೂ ಆ ಯೋಚನೆಯೇ ಬಂದಿರಲಿಲ್ಲ. ತೋಟವೆಂದರೆ ಖಾಲಿ ಮಾಡಬೇಕಾದ್ದು. ಅವರು ಜೀವನವಿಡೀ ಕಲಿತದ್ದು ಅದನ್ನೇ. ಒಂದು ಕೊಂಬೆಯಲ್ಲಿ ಹಣ್ಣು ಬಿಟ್ಟು ಹೋದರೆ ಆಗ ಬೈಗುಳ ಬೀಳುತ್ತಿತ್ತು.

ವಲಾಸಿ ಆಂಟಿ ಮೆಲ್ಲಗೆ, "ಎಲ್ಲಾ ಸೇರಿ ಒಂದು ಪ್ರಾರ್ಥನೆ ಮಾಡೋಣ್ವಾ?" ಅಂದರು.

"ಪ್ರಾರ್ಥನೆ ಮಾಡಿದ್ರೆ ಹಣ್ಣು ಹೋಗಿ ಮರಕ್ಕೆ ಅಂಟ್ಕೊಳ್ಳತ್ತೇನೇ?" ಎಂದು ಪೆನಿನಾ ಆಂಟಿ ರೇಗಿದರು. "ಶುರು ಮಾಡಿದ್ದು ನೀನು."

"ಬಕೆಟ್ ಹಿಡ್ಕೋ ಅಂದಿದ್ದು ನೀನು!"

ಬ್ರೈಡಿಯೇ ಎದ್ದು ಇಬ್ಬರನ್ನೂ ಸಮಾಧಾನ ಮಾಡಬೇಕಾಯಿತು. ತಟ್ಟೆ ತುಂಬ ಬಡಿಸಿ ಕೊಟ್ಟರು, ಅವಳು ತಿಂದಳು. ಆದರೆ ತುಂಬಿದ ತೊಟ್ಟಿಗಳನ್ನು ಅಲ್ಲೇ ಬಿಟ್ಟು ಹಿಂದಿರುಗುವಾಗ ಬಸ್ಸಿನಲ್ಲಿ ಯಾರೂ ಹಾಡಲಿಲ್ಲ.

ಭಾನುವಾರ ಆರಾಧನೆಯ ನಂತರ ಎಲ್ಲ ಮನೆಗಳಂತೆ ಆಂಟಿಯ ಮನೆಯಲ್ಲೂ ದೊಡ್ಡ ಊಟ. ನಮ್ಮನ್ನೂ ಕರೆದಿದ್ದರು. ಆಂಟಿ ಬಡಿಸಿದರು, ತಾವು ಸರಿಯಾಗಿ ಉಣ್ಣಲಿಲ್ಲ. ಊಟವಾದ ಮೇಲೆ ಮಕ್ಕಳು ಹಿತ್ತಲಿಗೆ ಓಡಿದರು. ಈಸ್ಟರ್ ದಿನ ಚಾಕಲೇಟ್ ಮೊಟ್ಟೆಗಳನ್ನು ಬಚ್ಚಿಟ್ಟು ಮಕ್ಕಳಿಂದ ಹುಡುಕಿಸುತ್ತಾರಲ್ಲ, ಅದು. ಬಚ್ಚಿಟ್ಟವರು ಫೆಲೆಟಿ. ಎಲ್ಲೆಲ್ಲಿ ಇಟ್ಟಿದ್ದೆನೆಂದು ಅವರಿಗೇ ಮರೆತುಹೋಗಿ, ಮಕ್ಕಳ ಜೊತೆ ತಾವೂ ಪೊದೆಯೊಳಗೆ ತಲೆ ಹಾಕಿ ಹುಡುಕುತ್ತಿದ್ದರು. ಸೀನಾ ಒಂದು ಮೊಟ್ಟೆ ಸಿಕ್ಕಿದ್ದಕ್ಕೆ ಬೀದಿಗೆಲ್ಲ ಕೇಳುವಂತೆ ಕಿರುಚಿದಳು.

ಆಂಟಿ ಅಡುಗೆಮನೆಯ ಕಿಟಕಿಯಲ್ಲಿ ತಟ್ಟೆ ಒರೆಸುತ್ತ ಅದನ್ನೇ ನೋಡುತ್ತಿದ್ದರು. ತಟ್ಟೆ ಕೆಳಗಿಟ್ಟು ಫೋನ್ ತೆಗೆದುಕೊಂಡರು.

"ಬ್ರೈಡಿ, ನಾಳೆ ಗೇಟು ಮುಚ್ಬೇಡ. ಬೆಳಿಗ್ಗೆ ಬೇಗ ನಾವೆಲ್ಲ ಬರ್ತೀವಿ."

"ಮತ್ತೆ ಬರ್ತೀರಾ?" ಅಂದಳು ಬ್ರೈಡಿ. ಅವಳಿಗೆ ಹೆದರಿಕೆಯಾದದ್ದು ಪಕ್ಕದಲ್ಲಿದ್ದ ನನಗೂ ಕೇಳಿಸಿತು.

"ಕೀಳೋಕಲ್ಲಮ್ಮ, ಬಚ್ಚಿಡೋಕೆ."

ಸೋಮವಾರ ಬಿಸಿಲು ಏರುವ ಮೊದಲು ಹದಿನೆಂಟು ಜನರಲ್ಲಿ ಹದಿನಾಲ್ಕು ಜನ ಬಂದರು. ಉಳಿದವರಿಗೆ ಶನಿವಾರದ ಪ್ರತಾಪದಿಂದ ಹಾಸಿಗೆ ಬಿಟ್ಟು ಏಳಲಾಗಿರಲಿಲ್ಲ. ಕೊಂಬೆಗಳ ಕವಲಿನಲ್ಲಿ, ಬುಡದ ಹುಲ್ಲಿನಲ್ಲಿ, ಟ್ರ್ಯಾಕ್ಟರಿನ ಸೀಟಿನ ಕೆಳಗೆ, ಬೇಲಿಯ ಕಂಬದ ತಲೆಯ ಮೇಲೆ, ಹುಲ್ಲಿನ ಪಿಂಡಿಗಳ ಸಂದಿಯಲ್ಲಿ ಸೇಬು ಇಡುತ್ತ ಹೋದರು. ಕೀಳುವುದಕ್ಕಿಂತ ಇಡುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಮೇಕೆಗಳ ಕೊಟ್ಟಿಗೆಯಲ್ಲಿ ಇಟ್ಟದ್ದನ್ನು ಮೇಕೆಗಳು ತಿಂದವು. ಲೋಸಾ ಹಲಗೆಯ ಮೇಲೆ ದೊಡ್ಡದಾಗಿ "ಈಸ್ಟರ್ ಸೇಬು ಬೇಟೆ" ಎಂದು ಬರೆದು ಗೇಟಿಗೆ ಕಟ್ಟಿದಳು.

ಎಲ್ಲರಿಗೂ ಇಷ್ಟವಾಯಿತೆಂದು ಹೇಳಲಾರೆ. ಕೆಲವು ಕಾರು ಗೇಟಿನಿಂದಲೇ ತಿರುಗಿ ಹೋದವು. ಬಿಳಿ ಟೋಪಿ ಹಾಕಿದ ಒಬ್ಬ ಮನುಷ್ಯ ಆಂಟಿಯನ್ನೇ ಹಿಡಿದು ನಿಲ್ಲಿಸಿದ.

"ಮರದಿಂದ ಕೀಳಬಹುದು ಅಂತ ಒಂದು ಗಂಟೆ ಕಾರು ಓಡಿಸ್ಕೊಂಡು ಬಂದಿದೀನಿ. ಮರದಲ್ಲಿ ಹಣ್ಣೇ ಇಲ್ಲ. ಯಾರು ಕಿತ್ತಿದ್ದು?"

"ನಾನು" ಅಂದರು ಆಂಟಿ.

"ಎಲ್ಲಾನೂ?"

"ಎಲ್ಲಾನೂ ಅಲ್ಲ. ಅಗೋ ಅವಳೂ ಸ್ವಲ್ಪ ಕಿತ್ತಳು. ಹೆಚ್ಚೇನಿಲ್ಲ."

ಆ ಸ್ವಲ್ಪ ಕಿತ್ತವರು, ಅಂದರೆ ವಲಾಸಿ ಆಂಟಿ, ದೂರದಿಂದಲೇ ಇದನ್ನು ಕೇಳಿಸಿಕೊಂಡು ಗುಡುಗುತ್ತ ಬಂದರು. ಟೋಪಿಯವನು ಇಬ್ಬರ ಜಗಳದ ನಡುವೆ ಸಿಕ್ಕಿ ತನ್ನ ದೂರು ಮರೆತ. ಅಷ್ಟರಲ್ಲಿ ಅವನ ಹೆಂಡತಿ, ಮಕ್ಕಳು ಟ್ರ್ಯಾಕ್ಟರಿನ ಕೆಳಗೆ ನುಗ್ಗಿ ಆಗಿತ್ತು. ಮಧ್ಯಾಹ್ನದ ಹೊತ್ತಿಗೆ ಸಾಲುಗಳ ತುಂಬ ಮಕ್ಕಳ ಕೂಗು. ದೊಡ್ಡವರೂ ನಾಚಿಕೆ ಬಿಟ್ಟು ಹುಲ್ಲಿನಲ್ಲಿ ಮಂಡಿಯೂರಿ ಹುಡುಕುತ್ತಿದ್ದರು. ನಡೆಯಲಾಗದ ಒಬ್ಬ ಅಜ್ಜನ ಗಾಲಿಕುರ್ಚಿಯ ಹಿಂದಿನ ಚೀಲದಲ್ಲಿ ಆಂಟಿ ಗುಟ್ಟಾಗಿ ಮೂರು ಹಣ್ಣಿಟ್ಟರು. ಮೊಮ್ಮಕ್ಕಳು ಅವನ್ನು ಅಲ್ಲಿ ಕಂಡುಹಿಡಿದಾಗ ಅಜ್ಜ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ವಲಾಸಿ ಆಂಟಿ ಮಾತ್ರ ಸ್ಪರ್ಧೆಗೆ ಬಿದ್ದು ತಮ್ಮ ಪಾಲಿನದ್ದನ್ನು ಎಷ್ಟು ಚೆನ್ನಾಗಿ ಬಚ್ಚಿಟ್ಟಿದ್ದರೆಂದರೆ, ಬ್ರೈಡಿಗೆ ಚಳಿಗಾಲದವರೆಗೂ ಅಲ್ಲಲ್ಲಿ ಕೊಳೆತ ಸೇಬು ಸಿಗುತ್ತಲೇ ಇದ್ದವಂತೆ.

ಉಳಿದ ತೊಟ್ಟಿಗಳ ಹಣ್ಣಿನಿಂದ ಬ್ರೈಡಿ ರಸ ಹಿಂಡಿಸಿದಳು. ಸುಗ್ಗಿ ಮುಗಿದ ಮೇಲೆ ಒಂದು ದಿನ ಆಂಟಿಯ ಮನೆಗೆ ಬಾಟಲಿಗಳನ್ನು ತಂದು, "ಮುಂದಿನ ವರ್ಷ ಶನಿವಾರ ಭಾನುವಾರ ತೋಟಕ್ಕೆ ಬರ್ತೀರಾ? ಬಂದವರನ್ನ ನೋಡ್ಕೊಳ್ಳೋಕೆ. ಸಂಬಳ ಕೊಡ್ತೀನಿ" ಎಂದು ಕೇಳಿದಳು.

ಆಂಟಿ ತಲೆಯಾಡಿಸಿದರು. "ಕೆಲಸಕ್ಕೆ ಬರಲ್ಲಮ್ಮ. ಆ ಜನ್ಮ ಮುಗೀತು. ಬಂದ್ರೆ ನೆಂಟರ ಹಾಗೆ ಬರ್ತೀನಿ, ಊಟ ಕಟ್ಕೊಂಡು."

ಬ್ರೈಡಿ ಒಪ್ಪಿದಳು. ಒಂದೇ ಷರತ್ತು ಹಾಕಿದಳು: ಒಬ್ಬರಿಗೆ ಒಂದೇ ಬಕೆಟ್, ಅದೂ ಅವಳ ಕಣ್ಣೆದುರು. ಅಲ್ಲಿಂದ ಪ್ರತಿ ಈಸ್ಟರ್ ಶನಿವಾರ ನಮ್ಮ ಬಸ್ ಹೋಗುತ್ತದೆ. ಮೊದಲು ಹೆಂಗಸರ ಸಂಘ ಮಾತ್ರ ಇತ್ತು, ಈಗ ಮಕ್ಕಳು, ಅಳಿಯಂದಿರು, ಮೊಮ್ಮಕ್ಕಳು ಎಲ್ಲ ಸೇರಿ ಎರಡು ಬಸ್. ಸೋಮವಾರದ ಸೇಬು ಬೇಟೆಯೂ ನಡೆಯುತ್ತದೆ, ಆದರೆ ಈಗ ಅದಕ್ಕೆಂದೇ ಒಂದು ಸಾಲಿನ ಹಣ್ಣನ್ನು ಬ್ರೈಡಿ ತಾನೇ ಕಿತ್ತಿಡುತ್ತಾಳೆ.

ಮೂರನೆಯ ವರ್ಷ ಫೆಲೆಟಿ ತೀರಿಕೊಂಡರು. ಫೆಬ್ರವರಿಯಲ್ಲಿ, ನಿದ್ದೆಯಲ್ಲೇ. ಆ ಈಸ್ಟರ್‌ಗೆ ಆಂಟಿ ಬರಲಾರರೆಂದು ನಾವು ಬಸ್ ಹೇಳಿರಲಿಲ್ಲ. ಶುಕ್ರವಾರ ಚರ್ಚಿನಿಂದ ಹೊರಗೆ ಬರುವಾಗ ಅವರೇ ನನ್ನನ್ನು ತಡೆದು, "ನಾಳೆ ಎಷ್ಟು ಹೊತ್ತಿಗೆ ಹೊರಡೋದು?" ಅಂದರು. ಆ ಸಂಜೆಯೇ ಓಡಾಡಿ ಬಸ್ ಗೊತ್ತು ಮಾಡಿದೆ. ಮರುದಿನ ಫೆಲೆಟಿಯ ಮಡಿಸುವ ಕುರ್ಚಿಯನ್ನು ತಾವೇ ಹೊತ್ತು ತಂದರು. ಅದರಲ್ಲಿ ಕೂರಲು ಯಾರೂ ಮುಂದಾಗದೆ ಇದ್ದಾಗ, "ಏನ್ರೇ, ಕುರ್ಚಿಗೇನು ಶಾಪ ಇದ್ಯಾ? ಮೊಣಕಾಲು ನೋಯೋರು ಕೂತ್ಕೊಳ್ರೇ" ಎಂದು ವಲಾಸಿ ಆಂಟಿಯನ್ನೇ ಹಿಡಿದು ಕೂರಿಸಿದರು. ಊಟದ ನಂತರ ಸ್ವಲ್ಪ ಹೊತ್ತು ಒಬ್ಬರೇ ಸಾಲಿನ ಕೊನೆಯವರೆಗೆ ಹೋಗಿ ಬಂದರು. ಯಾರೂ ಹಿಂದೆ ಹೋಗಲಿಲ್ಲ. ಬರುವಾಗ ಕಣ್ಣು ಕೆಂಪಾಗಿತ್ತು, ಬಕೆಟ್ ತುಂಬಿತ್ತು.

ಈಗ ಆಂಟಿಗೆ ಎಪ್ಪತ್ತೆಂಟು. ಈಚೆಗೆ ವಲಾಸಿ ಆಂಟಿಯ ಮೊಮ್ಮಗಳು ಗಿಸ್ಬೋರ್ನ್ ಕಡೆಯ ಒಬ್ಬ ಫೀಜೋವಾ ತೋಟದವನನ್ನು ಮದುವೆಯಾಗಿದ್ದಾಳೆ. ಫೀಜೋವಾ ಅಂದರೆ ಸಣ್ಣ ಸೀಬೆಕಾಯಿಯಂಥ ಹಸಿರು ಹಣ್ಣು. ಮರದಿಂದ ಕೀಳಬೇಕಾಗಿಲ್ಲ, ಮಾಗಿದ ಮೇಲೆ ತಾನೇ ಉದುರುತ್ತದೆ, ಬಗ್ಗಿ ಆರಿಸಿಕೊಂಡರೆ ಆಯಿತು. ಕಳೆದ ಮೇ ತಿಂಗಳಲ್ಲಿ ಎಲ್ಲರನ್ನೂ ಅಲ್ಲಿಗೆ ಕರೆದುಕೊಂಡು ಹೋದೆ. ಪೆನಿನಾ ಆಂಟಿ ಮರದ ಕೆಳಗೆ ನಿಂತು ಉದುರಿದ ಹಣ್ಣುಗಳನ್ನು ನೋಡಿದರು, ಮೇಲಕ್ಕೆ ನೋಡಿದರು, ಮತ್ತೆ ಕೆಳಕ್ಕೆ ನೋಡಿದರು.

"ಇದೂ ಒಂದು ಬೆಳೆನೇನೇ, ವಲಾಸಿ? ಐವತ್ತು ವರ್ಷದ ಹಿಂದೆ ಯಾಕೆ ಹೇಳ್ಲಿಲ್ಲ ನಂಗೆ?"

"ಹೇಳಿದ್ರೆ ನೀನು ಕೇಳ್ತಿದ್ದೆಯಾ? ಬಗ್ಗು, ಆರಿಸ್ಕೋ" ಅಂದರು ವಲಾಸಿ ಆಂಟಿ, ಆಗಲೇ ಅರ್ಧ ಬುಟ್ಟಿ ತುಂಬಿಸಿಕೊಂಡು.